ಎತ್ತಿಟ್ಟ ಒಂದು ಪುಟ

ಮಾರ್ಚ್ 4

ನಾದಿನಿಗೆ,

ಸೋಮವಾರದಿಂದ ನಾನು ಅಮಾನತಿನಲ್ಲಿದ್ದೇನೆ. ಆದೇಶಕ್ಕೆ ಸಹಿ ಹಾಕಿದವರು ನೀರು ಸರಬರಾಜು ಕಚೇರಿಯ ಮುಖ್ಯ ಎಂಜಿನಿಯರ್. ನಿನ್ನ ಅಣ್ಣ ಹೇಳಿರಬಹುದು. ಆದರೆ ಅವರು ಅರ್ಧ ಹೇಳಿ ಅರ್ಧ ನುಂಗುವವರು, ಆದ್ದರಿಂದ ಪೂರ್ತಿ ನಾನೇ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಮಾಡಿದ್ದರೆ ಮೂರು ವರ್ಷದ ಹಿಂದಿನ ಮಾತಿನಿಂದಲೇ ಶುರುವಾಗುತ್ತಿತ್ತು. ಕಾಗದಕ್ಕೆ ಆ ತೊಂದರೆಯಿಲ್ಲ.

ನಡೆದದ್ದು ಇಷ್ಟು. ಫೆಬ್ರವರಿ 26, ಗುರುವಾರ, ಬೆಳಗಿನ ಪಾಳಿ. ಪಂಪ್‌ಹೌಸಿನಲ್ಲಿ ನಾನೊಬ್ಬಳೇ ಇದ್ದೆ. ಪಂಪನ್ನು ನಡೆಸುವ ಕಂಪ್ಯೂಟರಿನ ಪರದೆ ಇದ್ದಕ್ಕಿದ್ದಂತೆ ನಿಂತುಹೋಯಿತು. ಪಂಪ್ ನಿಲ್ಲಲಿಲ್ಲ. 11.35ಕ್ಕೆ ಮೇಲಿನ ತೊಟ್ಟಿ ತುಂಬಿ ಹರಿಯಿತು. ನೀರು ತಗ್ಗಿನ ಬೀದಿಯ ಮುದ್ರಣಾಲಯಕ್ಕೆ ನುಗ್ಗಿ ನಲವತ್ತು ರೀಮು ಕಾಗದ ಹಾಳಾಯಿತು. 11.38ಕ್ಕೆ ನಾನು ಪಂಪನ್ನು ಕೈಯಿಂದ ನಿಲ್ಲಿಸಿದೆ. 11.41ಕ್ಕೆ ಕಂಪ್ಯೂಟರನ್ನು ಆರಿಸಿದೆ. 11.50ಕ್ಕೆ ಮತ್ತೆ ಹಾಕಿದಾಗ ಸರಿಯಾಗಿ ಓಡಿತು.

ಕಂಪ್ಯೂಟರಿನ ದಾಖಲೆ 11.12ಕ್ಕೆ ಮುಗಿದು 11.50ಕ್ಕೆ ಶುರುವಾಗುತ್ತದೆ. ನಡುವೆ ಏನೂ ಇಲ್ಲ. ಆದ್ದರಿಂದ ನಾನು 11.12ಕ್ಕೇ ಸ್ವಿಚ್ ಆರಿಸಿ, ಆಮೇಲೆ ಗಾಬರಿಯಾಗಿ ಸುಳ್ಳು ಹೇಳುತ್ತಿದ್ದೇನೆ ಎಂಬುದು ಆರೋಪ. ಆದೇಶದಲ್ಲಿ ಇನ್ನೊಂದು ಸಾಲೂ ಇದೆ: "ಗುಂಡಿ ಕಂಡರೆ ಆಫ್ ಮಾಡಿ ನೋಡುವ ಅಭ್ಯಾಸ ಇವರಿಗೆ ಹಿಂದಿನಿಂದಲೂ ಇದೆ ಎಂದು ತಿಳಿದುಬಂದಿದೆ." ಎಲ್ಲಿಂದ ತಿಳಿದುಬಂತು ಎಂದು ನಿನಗೂ ಗೊತ್ತು. ನಾವು ಹೊಸ ಮನೆಗೆ ಬಂದ ದಿನ ನೀನು ಆ ಮಾತಾಡಿದಾಗ ಮುಖ್ಯ ಎಂಜಿನಿಯರೂ ಊಟಕ್ಕೆ ಕೂತಿದ್ದರು.

ಯಂತ್ರದ ಹಿಂದಿನ ತಗಡಿನ ಮೇಲೆ ನಿಮ್ಮ ಕಚೇರಿಯ ಹೆಸರಿದೆ. ಒಂದೇ ಪ್ರಶ್ನೆ. ಯಾರೂ ಮುಟ್ಟದೆ ಅದು ತಾನಾಗಿ ನಿಲ್ಲುತ್ತದೆಯೇ? ಹೌದು ಅಥವಾ ಇಲ್ಲ ಎಂದು ಬರೆದರೆ ಸಾಕು.

ಇಂತಿ,
ಅತ್ತಿಗೆ


ಮಾರ್ಚ್ 11

ಅತ್ತಿಗೆಗೆ ನಮಸ್ಕಾರಗಳು.

ಓದಿ ಬೇಸರವಾಯಿತು. ದಾಖಲೆಯ ಪ್ರತಿಯನ್ನು ಅಣ್ಣನಿಂದ ತರಿಸಿಕೊಂಡು ನೋಡಿದೆ. ಆ ಯಂತ್ರದ ಕರ್ನಲ್, ಅಂದರೆ ತಳದಲ್ಲಿ ಕೂತು ಮೆಮೊರಿ ಹಂಚುವ ಪ್ರೋಗ್ರಾಮ್, ನಮ್ಮ ತಂಡದ್ದೇ. ಮೆಮೊರಿಯ ಭಾಗ ಹೆಚ್ಚೂಕಡಿಮೆ ನನ್ನದೇ ಕೈಬರಹ. ಅದು ಕೆಟ್ಟು ನಿಂತರೆ ಸಾಯುವ ಮುಂಚೆ ಒಂದು ಸಾಲಾದರೂ ಬರೆದು ಸಾಯುತ್ತದೆ. ಇಲ್ಲಿ ಒಂದಕ್ಷರವೂ ಇಲ್ಲ. ವಿದ್ಯುತ್ ಹೋದರೆ ಮಾತ್ರ ಹೀಗಾಗುತ್ತದೆ.

ತಪ್ಪು ತಿಳಿಯಬೇಡಿ. ಗಡಿಬಿಡಿಯಲ್ಲಿ ಕೈ ತಾಗಿರಬಹುದೇ? ಒಮ್ಮೆ ನೆನಪು ಮಾಡಿಕೊಳ್ಳಿ. ಹಾಗಿದ್ದರೆ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಹತ್ತೊಂಬತ್ತು ವರ್ಷದ ಸರ್ವಿಸ್ ನೋಡಿ ಎಚ್ಚರಿಕೆ ಕೊಟ್ಟು ಬಿಡುತ್ತಾರೆ.

ಇಂತಿ,
ನಾದಿನಿ


ಮಾರ್ಚ್ 17

ನಾದಿನಿಗೆ,

ಹೌದು ಅಥವಾ ಇಲ್ಲ ಎಂದು ಕೇಳಿದ್ದೆ. ಬುದ್ಧಿವಾದ ಕೇಳಿರಲಿಲ್ಲ. ಕೇಳಿದ್ದೇ ನನ್ನ ತಪ್ಪು.

ಕೈ ತಾಗಿಲ್ಲ. ಸ್ವಿಚ್ ಇರುವುದು ಪೆಟ್ಟಿಗೆಯ ಹಿಂದೆ, ಬಗ್ಗಿ ಹುಡುಕಬೇಕು. ಕೈ ತಾಗಲು ನಾನೇನು ಆನೆಯೇ?

ಕಂಪ್ಯೂಟರ್ ಬಂದಮೇಲೆ ರಿಜಿಸ್ಟರ್ ಬರೆಯಬೇಕಾಗಿಲ್ಲ ಎಂದು ಹೇಳಿದರು. ನಾನು ಬಿಡಲಿಲ್ಲ. ತೊಟ್ಟಿ ತುಂಬುವಾಗ ಹತ್ತು ನಿಮಿಷಕ್ಕೊಮ್ಮೆ ಪರದೆಯ ಮೇಲಿರುವುದನ್ನೆಲ್ಲ ಇಳಿಸಿಕೊಳ್ಳುತ್ತೇನೆ. ಅರ್ಥವಾದದ್ದು, ಆಗದ್ದು ಎಲ್ಲವನ್ನೂ. ಆ ದಿನದ ಸಾಲುಗಳು ಇವು:

ಗೋಡೆ ಗಡಿಯಾರ 11.00. ಪರದೆ ಗಡಿಯಾರ 11.00. ಮಟ್ಟ ನೂರಕ್ಕೆ 73. ಪರದೆಯ ಮೂಲೆಯ ಅಂಕಿ 1,904.
ಗೋಡೆ 11.10. ಪರದೆ 11.10. ಮಟ್ಟ 81. ಮೂಲೆ 611.
ಗೋಡೆ 11.20. ಪರದೆ 11.12. ಮಟ್ಟ 82. ಮೂಲೆ 256.
ಗೋಡೆ 11.30. ಪರದೆ 11.12. ಮಟ್ಟ 82. ಮೂಲೆ 256.

11.20ಕ್ಕೇ ನನಗೆ ತಿಳಿಯಬೇಕಿತ್ತು. ನೀರಿನ ಒತ್ತಡ ಕಮ್ಮಿಯಾಗಿ ಮಟ್ಟ ನಿಧಾನಕ್ಕೆ ಏರುತ್ತಿದೆ ಎಂದುಕೊಂಡೆ. 11.30ಕ್ಕೆ ತಿಳಿದು, ಕೆಳಗಿನ ಕೋಣೆಗೆ ಇಳಿದು ಪಂಪನ್ನು ಕೈಯಿಂದ ನಿಲ್ಲಿಸುವಷ್ಟರಲ್ಲಿ 11.38 ಆಯಿತು. ಹತ್ತು ನಿಮಿಷದ ತಪ್ಪು ನನ್ನದು. ಅದನ್ನು ಹೇಳಿಕೆಯಲ್ಲಿ ಬರೆದುಕೊಟ್ಟಿದ್ದೇನೆ. ಇಲ್ಲದ ತಪ್ಪನ್ನು ಬರೆದುಕೊಡುವುದಿಲ್ಲ.

ಮುಖ್ಯ ಎಂಜಿನಿಯರ್ ರಿಜಿಸ್ಟರ್ ನೋಡಿ, "ಇದನ್ನ ಸಾಯಂಕಾಲ ಕೂತು ಬರ್ದಿದ್ದೀರಿ" ಅಂದರು. ನಾನು, "ಸಾಯಂಕಾಲ ನಿಮ್ಮ ಮುಂದೆ ಬೈಸಿಕೊಳ್ತಾ ನಿಂತಿದ್ದೆ, ಪುರುಸೊತ್ತು ಎಲ್ಲಿತ್ತು ಸಾರ್" ಅಂದೆ.

ಇದಕ್ಕೆ ಉತ್ತರ ಬೇಕಾಗಿಲ್ಲ.

ಅತ್ತಿಗೆ


ಮಾರ್ಚ್ 20

ಅತ್ತಿಗೆ,

ಆ ರಿಜಿಸ್ಟರನ್ನು ಯಾರ ಕೈಗೂ ಕೊಡಬೇಡಿ. ಮೂರು ಪ್ರತಿ ತೆಗೆಸಿ, ಒಂದನ್ನು ನನಗೆ ಕಳಿಸಿ.

ಮೂಲೆಯ ಅಂಕಿ ನಾನು ಇಟ್ಟದ್ದು. ಆರು ವರ್ಷದ ಹಿಂದೆ, ಪರೀಕ್ಷೆಗೆಂದು. ತೆಗೆಯಲು ಮರೆತಿದ್ದೆ. ಯಂತ್ರದಲ್ಲಿ ಎಷ್ಟು ಜಾಗ ಖಾಲಿ ಇದೆ ಎಂದು ಅದು ತೋರಿಸುತ್ತದೆ. 256ಕ್ಕೆ ಅದು ಯಾಕೆ ನಿಲ್ಲುತ್ತದೆ ಎಂದು ಗೊತ್ತಿರುವವರು ನಮ್ಮ ಕಚೇರಿಯಲ್ಲೇ ನಾಲ್ಕು ಜನ. ಪಂಪ್‌ಹೌಸಿನಲ್ಲಿ ಕೂತು ಯಾರೂ ಅದನ್ನು ಊಹಿಸಿ ಬರೆಯಲಾರರು.

ಹೋದ ಕಾಗದದಲ್ಲಿ ನಾನು ಬರೆದದ್ದರ ಬಗ್ಗೆ ಈಗ ಏನೂ ಹೇಳುವುದಿಲ್ಲ. ಮೊದಲು ಕೆಲಸ ಮಾಡಿ ತೋರಿಸುತ್ತೇನೆ.

ನಾದಿನಿ


ಏಪ್ರಿಲ್ 9

ಅತ್ತಿಗೆಗೆ,

ನಿನ್ನೆ ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ ಯಂತ್ರ ನಿಂತಿತು. ನಿಮ್ಮದೇ ಮಾದರಿಯದನ್ನು ಉಗ್ರಾಣದಿಂದ ತರಿಸಿ, ಲ್ಯಾಬಿನ ಮೇಜಿನ ಮೇಲಿಟ್ಟು ಹತ್ತೊಂಬತ್ತು ದಿನದಿಂದ ಓಡಿಸುತ್ತಿದ್ದೆ. ಖಾಲಿ ಜಾಗವನ್ನು ಬೇಕೆಂದೇ ಕಮ್ಮಿ ಮಾಡುತ್ತ ಬಂದೆ. ನಿಂತಾಗ ಮೂಲೆಯ ಅಂಕಿ 256. ದಾಖಲೆಯಲ್ಲಿ ಒಂದಕ್ಷರವೂ ಇಲ್ಲ. ಯಾರೂ ಮುಟ್ಟಿರಲಿಲ್ಲ. ನಾನು ಟೀ ಲೋಟ ಹಿಡಿದು ಎದುರಿಗೇ ಕೂತಿದ್ದೆ.

ನಿಮ್ಮ ಪ್ರಶ್ನೆಗೆ ಉತ್ತರ: ಹೌದು. ತಾನಾಗಿಯೇ ನಿಲ್ಲುತ್ತದೆ.

ಯಾಕೆ ಎಂದು ಬರೆಯುತ್ತೇನೆ. ವಿಚಾರಣೆಯಲ್ಲಿ ಕೇಳಿದರೆ ನೀವು ಹೇಳುವಂತಿರಬೇಕು. ಕರ್ನಲ್ ಮೆಮೊರಿಯನ್ನು ಒಂದೇ ಅಳತೆಯ ತುಂಡುಗಳಾಗಿ ಮಾಡಿಟ್ಟುಕೊಂಡಿರುತ್ತದೆ. ಒಂದು ತುಂಡಿಗೆ ಪುಟ ಅನ್ನುತ್ತೇವೆ. ಯಾವ ಪುಟ ಯಾರಿಗೆ ಕೊಟ್ಟಿದೆ, ಎಲ್ಲಿದೆ ಎಂದು ಬರೆದಿಡುವ ಪಟ್ಟಿಯ ಹೆಸರು ಪೇಜ್ ಟೇಬಲ್. ಆ ಪಟ್ಟಿ ಬರೆಯಲೂ ಜಾಗ ಬೇಕಲ್ಲ? ಅದಕ್ಕೂ ಒಂದು ಪುಟವೇ ಹೋಗುತ್ತದೆ.

ಯಾರಾದರೂ ದೊಡ್ಡ ಜಾಗ ಕೇಳಿದರೆ ಐನೂರ ಹನ್ನೆರಡು ಪುಟಗಳನ್ನು ಇಡಿಯಾಗಿ ಕೊಟ್ಟು, ಪಟ್ಟಿಯಲ್ಲಿ ಒಂದೇ ಸಾಲು ಬರೆದು ಮುಗಿಸುತ್ತೇವೆ. ನಿಮ್ಮ ಯಂತ್ರದಲ್ಲಿ ದಾಖಲೆ ಬರೆಯುವ ಪ್ರೋಗ್ರಾಮ್ ಹೀಗೇ ದೊಡ್ಡ ಜಾಗ ತೆಗೆದುಕೊಂಡು, ಕೆಲಸವಾದಮೇಲೆ ಅರ್ಧ ವಾಪಸ್ ಕೊಡುತ್ತದೆ. ಅರ್ಧ ಮಾತ್ರ ವಾಪಸ್ ಪಡೆಯಬೇಕಾದರೆ ಆ ಒಂದು ಸಾಲನ್ನು ಬಿಡಿಸಿ ಐನೂರ ಹನ್ನೆರಡು ಸಾಲು ಬರೆಯಬೇಕು. ಬರೆಯಲು ಹೊಸ ಪುಟ ಬೇಕು. ಜಾಗ ವಾಪಸ್ ಪಡೆಯುವುದಕ್ಕೇ ಮೊದಲು ಜಾಗ ಬೇಕು.

ಆ ಹೊತ್ತಿಗೆ ಪುಟ ಸಿಗದಿದ್ದರೆ ಏನು ಮಾಡಬೇಕು? ಅದಕ್ಕೆ ನಾನು ಬರೆದಿದ್ದ ಉತ್ತರ: ಸಿಗುವ ತನಕ ಕಾಯಬೇಕು. ಸಿಗುವುದು ಅರ್ಧ ಜಾಗ ವಾಪಸ್ ಬಂದಮೇಲೆ. ವಾಪಸ್ ಬರುವುದು ಪುಟ ಸಿಕ್ಕಮೇಲೆ. ಕರ್ನಲ್ ತನ್ನನ್ನೇ ಕಾಯುತ್ತ ಕೂತುಬಿಟ್ಟಿತು. ಕೊನೆಯ 256 ಪುಟಗಳು ಆಪತ್ತಿನ ಕೆಲವು ಕೆಲಸಗಳಿಗೆ ಮೀಸಲು. ಅದಕ್ಕೆ ಕೈ ಹಾಕಲು ನನ್ನ ಕೋಡಿಗೆ ಅನುಮತಿಯಿರಲಿಲ್ಲ. ದಾಖಲೆ ಬರೆಯಬೇಕಾದ ಪ್ರೋಗ್ರಾಮೇ ಕಾಯುತ್ತಿದ್ದುದರಿಂದ ದಾಖಲೆಯೂ ಇಲ್ಲ. ಜನವರಿಯಲ್ಲಿ ನಿಮ್ಮ ಪರದೆಗೆ ಹೊಸ ಗ್ರಾಫ್‌ಗಳನ್ನು ಸೇರಿಸಿದರಂತೆ. ಅಲ್ಲಿಂದ ಜಾಗ ಬಿಗಿಯಾಗುತ್ತ ಬಂತು.

ಇಲ್ಲಿ ಪುಟ ಸಿಗದೇ ಇರುವ ಸಂದರ್ಭವೇ ಬರುವುದಿಲ್ಲ ಎಂದು ಆ ಸಾಲಿನ ಪಕ್ಕದಲ್ಲಿ ಟಿಪ್ಪಣಿ ಬರೆದಿದ್ದೇನೆ. ಕೆಳಗೆ ನನ್ನ ಸಹಿ ಇದೆ.

ಇಂತಿ,
ನಾದಿನಿ


ಏಪ್ರಿಲ್ 16

ನಾದಿನಿಗೆ,

ನಿನ್ನ ಕಾಗದ ತಲುಪಿತು. ಎರಡು ಸಲ ಓದಿದೆ. ನಿನ್ನ ಅಣ್ಣನಿಗೂ ಓದಿ ಹೇಳಿದೆ. ಅವರು "ಹಾಗಾದ್ರೆ ತಪ್ಪು ನಮ್ಮನೇದೇ ಅನ್ನು" ಎಂದು ನಕ್ಕು, ನನ್ನ ಮುಖ ನೋಡಿ ತರಕಾರಿ ತರಲು ಹೋದರು.

ನಮ್ಮ ಪಂಪ್‌ಹೌಸಿನಲ್ಲಿ ಒಂದು ಸ್ಪ್ಯಾನರ್ ಪೆಟ್ಟಿಗೆ ಇತ್ತು. ಅದರ ಮುಚ್ಚಳಕ್ಕೆ ಬೋಲ್ಟ್. ಅದನ್ನು ಬಿಚ್ಚುವ ಹದಿನಾಲ್ಕನೇ ನಂಬರಿನ ಸ್ಪ್ಯಾನರ್ ಪೆಟ್ಟಿಗೆಯ ಒಳಗೆ. ನಾನು ಕೆಲಸಕ್ಕೆ ಸೇರಿದ ವಾರವೇ ಒಂದು ಹದಿನಾಲ್ಕನ್ನು ಹೊರಗೆ ಮೊಳೆಗೆ ನೇತುಹಾಕಿದೆ. ಆಗ ಎಲ್ಲರೂ ನಕ್ಕಿದ್ದರು.

ವಿಚಾರಣೆ ಮೇ 14, ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ. ಮೂರು ಜನರ ಸಮಿತಿ. ನೀನು ನನಗೆ ಬರೆದ ಕಾಗದ ಅಲ್ಲಿ ನಡೆಯುವುದಿಲ್ಲ. ನಿಮ್ಮ ಕಚೇರಿಯ ಮೊಹರಿರುವ ಹೇಳಿಕೆ ಬೇಕು. ಅದು ಬರದಿದ್ದರೆ ಯಂತ್ರದ ದಾಖಲೆಯನ್ನೇ ನಂಬಿ ಕೆಲಸದಿಂದ ತೆಗೆಯುತ್ತಾರೆ. ಹಾಗೆಂದು ಹೇಳಿಯೇ ಕಳಿಸಿದ್ದಾರೆ.

ಬರೆದುಕೊಟ್ಟರೆ ನಿನ್ನ ಕೆಲಸಕ್ಕೆ ಏನಾಗುತ್ತದೆ ಎಂದು ನೀನು ತಿಳಿಸಿಲ್ಲ. ತಿಳಿಸು.

ಅತ್ತಿಗೆ


ಮೇ 2

ಅತ್ತಿಗೆಗೆ,

ಹೊಸ ಕರ್ನಲ್ ಸಿದ್ಧವಾಗಿದೆ. ಹಾಗೆಂದು ಹೇಳಿದವರು ಕತ್ತರಿ.

ಕತ್ತರಿ ಅಂದರೆ ನಮ್ಮ ಕೋಡನ್ನು ಪರಿಶೀಲಿಸುವ ಹಿರಿಯರು. ನೂರು ಸಾಲು ಕೊಟ್ಟರೆ ಹತ್ತು ಉಳಿಸಿ ವಾಪಸ್ ಕೊಡುತ್ತಾರೆ. ಎಲ್ಲರೂ ಅವರ ಎದುರಿಗೇ ಕತ್ತರಿ ಸಾರ್ ಅನ್ನುತ್ತಾರೆ.

ಮೊದಲು ನಾನು ಸುಲಭದ ದಾರಿ ಹಿಡಿದೆ. ಪುಟ ಸಿಗದಿದ್ದರೆ ಕಾಯುವುದು ಬೇಡ, ಆಗಲಿಲ್ಲ ಎಂದು ಹೇಳಿ ಹೊರಟುಬಿಡುವುದು. ಕತ್ತರಿ ಓದಿ ಕನ್ನಡಕ ಹಣೆಗೇರಿಸಿದರು.

"ಯಾರಿಗೆ ಹೇಳ್ತೀಯಮ್ಮ, ಆಗಲಿಲ್ಲ ಅಂತ?"

"ಕೇಳಿದ ಪ್ರೋಗ್ರಾಮಿಗೆ ಸಾರ್."

"ಅದು ಜಾಗ ಕೇಳ್ತಿಲ್ಲ, ವಾಪಸ್ ಕೊಡ್ತಿದೆ. ಬಾಡಿಗೆ ಮನೆ ಖಾಲಿ ಮಾಡೋನಿಗೆ 'ಖಾಲಿ ಮಾಡೋಕೆ ಆಗಲ್ಲ, ಹೋಗಯ್ಯ' ಅಂದ್ರೆ ಅವನು ಸಾಮಾನು ಹೊತ್ಕೊಂಡು ಎಲ್ಲಿ ನಿಲ್ಲಲಿ? ಕೊಡುವಾಗ ಬೇಕಾದ್ರೆ ಇಲ್ಲ ಅನ್ನು. ತಗೊಳ್ಳುವಾಗ ಇಲ್ಲ ಅನ್ನೋ ಹಾಗಿಲ್ಲ."

ಆಮೇಲೆ ನಿಮ್ಮ ಮೊಳೆಯ ಕಥೆ ಹೇಳಿದೆ. ಜೋರಾಗಿ ನಕ್ಕರು. "ಅದನ್ನೇ ನಾನು ಹೇಳಬೇಕು ಅಂತಿದ್ದೆ. ನಿಮ್ಮತ್ತಿಗೆ ನನ್ನ ಮಾತು ಕಸ್ಕೊಂಡ್ರು" ಅಂದರು. ಈಗ ದೊಡ್ಡ ಜಾಗ ಕೊಡುವ ದಿನವೇ, ಮುಂದೆ ಅದನ್ನು ಬಿಡಿಸಬೇಕಾದರೆ ಇರಲಿ ಎಂದು ಒಂದು ಪುಟ ಎತ್ತಿಡುತ್ತೇವೆ. ಎತ್ತಿಡಲು ಆ ಪುಟವೇ ಸಿಗದಿದ್ದರೆ ಇಡಿಯಾಗಿ ಕೊಡುವುದೇ ಇಲ್ಲ. ಚಿಲ್ಲರೆಯಾಗಿ ಒಂದೊಂದೇ ಪುಟ ಕೊಡುತ್ತೇವೆ. ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಇದರಲ್ಲೂ ಒಂದು ತಪ್ಪು ಮಾಡಿದೆ. ಜಾಗ ಬಿಡಿಸದೆ ಇಡಿಯಾಗಿ ವಾಪಸ್ ಬಂದಾಗ ಎತ್ತಿಟ್ಟ ಪುಟವನ್ನು ವಾಪಸ್ ಇಡಲು ಮರೆತಿದ್ದೆ. ನಿಮ್ಮ ಹಾಗೆ ಕಾಗದದ ಮೇಲೆ ಮೂಲೆಯ ಅಂಕಿ ಇಳಿಸಿಕೊಳ್ಳುತ್ತ ಹೋದೆ. 1,900, 1,899, 1,898. ಪ್ರತಿ ಸುತ್ತಿಗೆ ಒಂದೊಂದು ಕಮ್ಮಿ. ಪರದೆಯನ್ನು ನೋಡುತ್ತಿದ್ದಾಗ ಕಾಣದ್ದು ಕೈಯಲ್ಲಿ ಬರೆದಾಗ ಕಂಡಿತು. ಈಗ ಸರಿಯಾಗಿದೆ. ಪುಟ ಕೇಳಿದ ಕಡೆಯಲ್ಲೆಲ್ಲ ಬೇಕೆಂದೇ ಇಲ್ಲ ಅನ್ನಿಸಿ ಪರೀಕ್ಷೆ ಮಾಡಿದೆವು. ನಲವತ್ತು ಸಾವಿರ ಸಲ ಇಲ್ಲ ಅನ್ನಿಸಿದೆವು. ಒಂದು ಸಲವೂ ನಿಲ್ಲಲಿಲ್ಲ.

ಇನ್ನು ನೀವು ಕೇಳಿದ್ದು. ನಮ್ಮ ವಿಭಾಗದ ಮುಖ್ಯಸ್ಥರು ಒಂದು ಹೇಳಿಕೆ ಬರೆದುಕೊಟ್ಟರು: "ಅಪರೂಪದ ಸನ್ನಿವೇಶದಲ್ಲಿ ಯಂತ್ರದ ವರ್ತನೆ ನಿರೀಕ್ಷೆಗಿಂತ ಭಿನ್ನವಾಗಿರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು." ಇದನ್ನು ಓದಿ ಯಾರೂ ನಿಮ್ಮನ್ನು ಕೆಲಸಕ್ಕೆ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದೆ. "ಹಾಗಾದ್ರೆ ನಿನ್ನ ಹೆಸರಲ್ಲೇ ಬರಿ. ಮುಂದಿನದೂ ನಿಂದೇ" ಅಂದರು. ಮುಂದಿನದು ಅಂದರೆ, ಜುಲೈಯಲ್ಲಿ ನನಗೆ ಬರಬೇಕಿದ್ದ ತಂಡದ ಹೊಣೆ ಕೈತಪ್ಪಬಹುದು ಎಂದು. ಬರೆದೆ. ಮೊಹರು ಹಾಕಿಸಿದೆ. ಮೊಹರು ಹಾಕಿದ ಲಕೋಟೆ ನೇರವಾಗಿ ಸಮಿತಿಗೆ ಹೋಗುತ್ತದೆ. ನಿಮಗೆ ಪ್ರತಿ ಕಳಿಸುವಂತಿಲ್ಲ.

ನಾದಿನಿ


ಮೇ 15

ಗುಬ್ಬಿಗೆ,

ನಿನ್ನನ್ನು ಈ ಹೆಸರಿನಿಂದ ಕರೆದು ಮೂರು ವರ್ಷವಾಗಿತ್ತು. ವಿಚಾರಣೆ ಮುಗಿದಿಲ್ಲ, ಜೂನ್ 9ಕ್ಕೆ ಹೋಗಿದೆ. ಆದರೆ ನಿನ್ನೆ ನಡೆದದ್ದನ್ನು ನೀನು ತಿಳಿಯಬೇಕು.

ಉದ್ದದ ಮೇಜು, ಆ ಕಡೆ ಮೂವರು, ಈ ಕಡೆ ನಾನು. ಫ್ಯಾನಿಗೆ ಕಾಗದ ಹಾರದಂತೆ ಅಧ್ಯಕ್ಷರು ನೀರಿನ ಮೀಟರೊಂದನ್ನು ಹೇರಿದ್ದರು. ಪಕ್ಕದ ಕುರ್ಚಿಯಲ್ಲಿ ಮುಖ್ಯ ಎಂಜಿನಿಯರ್. ಲಕೋಟೆ ಒಡೆದು ಗುಮಾಸ್ತರು ಓದಿದರು. ಮೊದಲ ಪ್ಯಾರಾದಲ್ಲಿ ತಪ್ಪು ನಿನ್ನದು ಎಂದು ಬರೆದಿದ್ದೀಯೆ. ಅದು ನನಗೆ ಗೊತ್ತಿತ್ತು. ಎರಡನೆಯದು ಗೊತ್ತಿರಲಿಲ್ಲ. ಗುಮಾಸ್ತರು ಅದನ್ನು ಪಂಚಾಂಗ ಓದುವವರಂತೆ ಒಂದೇ ಉಸಿರಿನಲ್ಲಿ ಓದಿದರು:

"ಅಮಾನತಿನ ಆದೇಶದಲ್ಲಿ ಆಪರೇಟರರ ಅಭ್ಯಾಸದ ಬಗ್ಗೆ ಇರುವ ಸಾಲು ಮೂರು ವರ್ಷದ ಹಿಂದೆ ಊಟದ ಹೊತ್ತಿನಲ್ಲಿ ನಾನು ನಗಿಸಲೆಂದು ಆಡಿದ ಮಾತು. ಅದರಲ್ಲಿ ನಿಜವಿರಲಿಲ್ಲ. ಅವರು ಯಾವ ಯಂತ್ರವನ್ನೂ ಆಫ್ ಮಾಡಿ ನೋಡಿದ್ದನ್ನು ನಾನು ಕಂಡಿಲ್ಲ. ಆ ಮಾತು ಆಡಬಾರದಿತ್ತು."

ಅಧ್ಯಕ್ಷರು ಮುಖ್ಯ ಎಂಜಿನಿಯರ್ ಕಡೆ ತಿರುಗಿ, "ಏನ್ರೀ, ಊಟದ ಮಾತನ್ನ ಆದೇಶದಲ್ಲಿ ಹಾಕಿದ್ದೀರಾ?" ಅಂದರು. ಅವರು, "ಸಾರ್, ಎಲ್ರೂ ನಕ್ಕಿದ್ರು" ಅಂದರು. "ನಗೋದಕ್ಕೆ ಸಾಕ್ಷಿ ಬೇಡ, ಕೆಲಸದಿಂದ ತೆಗೆಯೋಕೆ ಬೇಕು" ಎಂದು ಅಧ್ಯಕ್ಷರು ಅಲ್ಲೇ ಆ ಸಾಲನ್ನು ಹೊಡೆದುಹಾಕಿಸಿದರು.

ಆಮೇಲೆ ಮುಖ್ಯ ಎಂಜಿನಿಯರ್ ಸರಿಯಾದ ಪ್ರಶ್ನೆ ಎತ್ತಿದರು. ಬರೆದವರು ನಾದಿನಿ, ಬರೆದದ್ದು ಅತ್ತಿಗೆಗಾಗಿ, ನಂಬುವುದು ಹೇಗೆ? ನಾನು ಅವರ ಜಾಗದಲ್ಲಿದ್ದರೂ ಕೇಳುತ್ತಿದ್ದೆ. ಆದ್ದರಿಂದ ಜೂನ್ 9ರಂದು ಪಂಪ್‌ಹೌಸಿನಲ್ಲೇ, ಅದೇ ಯಂತ್ರದ ಮೇಲೆ, ಸಮಿತಿಯ ಎದುರು ತೋರಿಸಬೇಕು. ಹಳೆಯ ಕರ್ನಲ್ ಒಂದು ಸಲ, ಹೊಸದು ಒಂದು ಸಲ. ನೀನು ಬರುವಂತಿಲ್ಲ. ಸಂಬಂಧವಿಲ್ಲದವರೊಬ್ಬರನ್ನು ಕಳಿಸಬೇಕು.

ಎರಡನೇ ಪ್ಯಾರಾದ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ.

ಇಂತಿ,
ನಿನ್ನ ಅತ್ತಿಗೆ


ಮೇ 23

ಅತ್ತಿಗೆಗೆ,

ಕತ್ತರಿ ಸಾರ್ ಬರುತ್ತಾರೆ. ಸಕ್ಕರೆಯಿಲ್ಲದ ಟೀ. ಯಾರನ್ನೂ ಹೊಗಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ತಂಡದ ಹೊಣೆ ಬೇರೆಯವರಿಗೆ ಹೋಯಿತು. ನನಗೆ ಬೇರೆ ಕೆಲಸ ಕೊಟ್ಟಿದ್ದಾರೆ. ಇಡೀ ಕರ್ನಲಿನಲ್ಲಿ ಪುಟ ಕೇಳುವ ಜಾಗಗಳನ್ನೆಲ್ಲ ಹುಡುಕಿ, ಸಿಗದಿದ್ದರೆ ಏನಾಗುತ್ತದೆ ಎಂದು ನೋಡಬೇಕು. ಒಟ್ಟು 318 ಜಾಗ. ಇಲ್ಲಿಯ ತನಕ 41 ನೋಡಿದ್ದೇನೆ. ಮೂರರಲ್ಲಿ ತಪ್ಪು ಸಿಕ್ಕಿತು. ಒಂದು ಮಾತ್ರ ನನ್ನದು. ವಿಚಿತ್ರವೆಂದರೆ ಈ ಕೆಲಸಕ್ಕೆ ಬೆಳಿಗ್ಗೆ ಬೇಗ ಎದ್ದು ಹೋಗುತ್ತಿದ್ದೇನೆ.

ನಿಮ್ಮ
ಗುಬ್ಬಿ


ಜೂನ್ 12

ಗುಬ್ಬಿಗೆ,

ಅಮಾನತು ರದ್ದಾಗಿದೆ. ಆದೇಶ ಇವತ್ತು ಮಧ್ಯಾಹ್ನ ಬಂತು. ತಂದುಕೊಟ್ಟವರು ಸ್ವತಃ ಮುಖ್ಯ ಎಂಜಿನಿಯರ್. ಬಾಗಿಲಲ್ಲೇ ನಿಂತು, "ಬರ್ತೀರಾ ಅಲ್ವಾ?" ಅಂದರು. "ಆದೇಶ ಓದಿ ಹೇಳ್ತೀನಿ ಸಾರ್, ಕೂತ್ಕೊಳ್ಳಿ" ಅಂದೆ. ಕೂತರು. ಪೂರ್ತಿ ಓದಿದೆ. ಹತ್ತು ನಿಮಿಷದ ನನ್ನ ತಪ್ಪಿಗೆ ಒಂದು ಎಚ್ಚರಿಕೆ ಇದೆ. ಅದು ಸರಿಯಾಗಿದೆ.

ಒಂಬತ್ತನೇ ತಾರೀಕಿನ ಪರೀಕ್ಷೆಯನ್ನು ನೀನು ಕತ್ತರಿಯವರಿಂದ ಕೇಳಿರಬಹುದು, ಆದರೆ ಅವರು ನಾಲ್ಕೇ ಮಾತಲ್ಲಿ ಮುಗಿಸಿರುತ್ತಾರೆ. ತೊಟ್ಟಿಯ ಹತ್ತಿರ ಒಬ್ಬರನ್ನು ನಿಲ್ಲಿಸಿ, ಖಾಲಿ ಜಾಗವನ್ನು ಬೇಕೆಂದೇ ಕಮ್ಮಿ ಮಾಡಿ, ಮೊದಲು ಹಳೆಯ ಕರ್ನಲನ್ನು ಓಡಿಸಿದರು. ರಿಜಿಸ್ಟರ್ ಬರೆಯಲು ಅಧ್ಯಕ್ಷರು ನನಗೇ ಹೇಳಿದರು. ಗೋಡೆ 10.47, ಪರದೆ 10.44, ಮೂಲೆ 256. ಸಮಿತಿಯ ಮೂವರೂ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಆ ಅಂಕಿಯನ್ನು ನೋಡಿದರು. ಮುಖ್ಯ ಎಂಜಿನಿಯರ್ ಪೆಟ್ಟಿಗೆಯ ಹಿಂದೆ ಹೋಗಿ, ಸ್ವಿಚ್ ಹತ್ತಿರ ಯಾರಾದರೂ ಇದ್ದಾರೆಯೇ ಎಂದು ನೋಡಿಬಂದರು. ಯಾರೂ ಇರಲಿಲ್ಲ.

ಹೊಸ ಕರ್ನಲಿನಲ್ಲಿ ಮೂಲೆಯ ಅಂಕಿ 256ಕ್ಕೆ ಇಳಿಯಿತು. ಒಂದು ಕ್ಷಣ ನಿಂತಿತು. ನನ್ನ ಪೆನ್ನೂ ನಿಂತಿತು. ಆಮೇಲೆ 512 ಆಯಿತು. ಕತ್ತರಿಯವರು ಬೆರಳೆಣಿಸಿ, "ಅರ್ಧ ವಾಪಸ್ ಬಂತು. ಅಂದ್ರೆ ಇನ್ನೂರ ಐವತ್ತಾರು" ಅಂದರು. ನಾಲ್ಕು ಗಂಟೆ ಓಡಿಸಿದರು. ಮಧ್ಯಾಹ್ನ ನನ್ನ ರಿಜಿಸ್ಟರನ್ನು ತಿರುವಿ, "ಇವರು ನಮ್ಮಲ್ಲಿ ಇದ್ದಿದ್ರೆ ನಂಗೆ ಕತ್ತರಿ ಅನ್ನೋ ಹೆಸರು ಬರ್ತಿರ್ಲಿಲ್ಲ" ಎಂದು ಅಧ್ಯಕ್ಷರ ಹತ್ತಿರ ಹೇಳಿದರು. ಅವರು ಯಾರನ್ನೂ ಹೊಗಳುವುದಿಲ್ಲ ಎಂದು ನೀನು ಬರೆದಿದ್ದೆ. ಅದನ್ನು ತಿದ್ದಿಕೋ.

ಇದೇ ಯಂತ್ರ ಇನ್ನೂ ಆರು ಪಂಪ್‌ಹೌಸುಗಳಲ್ಲಿ ಇದೆ. ಅಲ್ಲಿ ಹೊಸ ಕರ್ನಲ್ ಹಾಕಲು ನಿನ್ನನ್ನು ಕಳಿಸಬೇಕೆಂದು ನಮ್ಮ ಕಚೇರಿ ಬರೆದಿದೆ. ಈಗ ನೀನು ಬರುವುದಕ್ಕೆ ಅಡ್ಡಿಯಿಲ್ಲವಂತೆ. ನಿನ್ನ ಅಣ್ಣ ಮುಂದಿನ ಕೋಣೆ ಗುಡಿಸಿ, ಮಂಚ ಹಾಕಿ, ಅದು ಯಾರಿಗೆ ಎಂದು ಹೇಳದೆ ಓಡಾಡುತ್ತಿದ್ದಾರೆ. ನಾನೂ ಕೇಳಿಲ್ಲ.

ಸೋಮವಾರ, ಜೂನ್ 15, ಬೆಳಿಗ್ಗೆ ಆರಕ್ಕೆ ನನ್ನ ಪಾಳಿ ಶುರು. ಎರಡನೇ ಪಂಪ್‌ಹೌಸಿನ ಕೆಲಸ ಮಂಗಳವಾರ ಹತ್ತು ಗಂಟೆಗೆ.

ಇಂತಿ,
ನಿನ್ನ ಅತ್ತಿಗೆ